ಏಳು ಸಲ ತಿದ್ದಿದ ಸೋಬಾನೆ

ನನ್ನ ಹಳೆಯ ದಿನಚರಿಯಲ್ಲಿ ೨೦೧೮ರ ಫೆಬ್ರವರಿ ೨೨, ಗುರುವಾರದ ಪುಟ. ನಮ್ಮ ಮನೆಯವರ ಬಳಿ ಧ್ವನಿಮುದ್ರಣ ಕಲಿಯುತ್ತಿದ್ದ ಶಿಷ್ಯನೊಬ್ಬ ಅಂದು ಬೆಳಿಗ್ಗೆ ಬಂದು ಕೇಳಿದ:

“ಗುರುಗಳೇ, ಸುತ್ತಲಿನ ಸ್ಪೀಕರುಗಳಿಂದ ಬೇರೆ ಬೇರೆಯಾಗಿ ಕೇಳಿಬರುವ ಸರೌಂಡ್ ಫೈಲು ಇರುತ್ತದಲ್ಲ, ಅದನ್ನು ಗುಣಮಟ್ಟ ಕೆಡದ ಹಾಗೆ ಎಡಿಟ್ ಮಾಡುವುದು ಹೇಗೆ?”

ಗುರುಗಳು ಹೇಳಿದರು: “ಮೊದಲು ಮುದ್ರಿಸಿಕೊಂಡ ದೊಡ್ಡ ಮೂಲ ಫೈಲನ್ನು ಮುಟ್ಟದೆ ಇಟ್ಟುಕೋ. ಅದರ ಪ್ರತಿಯ ಮೇಲೆ ಕೆಲಸ ಮಾಡು. ಕತ್ತರಿಸಿದರೆ ಎಲ್ಲ ದಿಕ್ಕಿನ ದನಿಗಳನ್ನೂ ಒಂದೇ ಜಾಗದಲ್ಲಿ ಕತ್ತರಿಸು. ತಿದ್ದುವುದೆಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಅದನ್ನು ಕುಗ್ಗಿಸಿ ಚಿಕ್ಕ ಫೈಲು ಕಟ್ಟು.”

“ಚಿಕ್ಕ ಫೈಲನ್ನೇ ಬಿಚ್ಚಿ ತಿದ್ದಿದರೆ ಏನಾಗುತ್ತದೆ? ಕೇಳುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.”

“ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಐವರು ಅಕ್ಕತಂಗಿಯರಿದ್ದರು. ಮದುವೆ ಮನೆಗಳಲ್ಲಿ ಸೋಬಾನೆ ಹಾಡುವುದರಲ್ಲಿ ಅವರದು ಎತ್ತಿದ ಕೈ. ಅರಿಶಿನದ ದಿನ ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಐವರೂ ಅವಳ ಸುತ್ತ ಕೂರುತ್ತಿದ್ದರು. ಸರದಿ ಎಂಬುದಿರಲಿಲ್ಲ. ಯಾರಿಗೆ ಪದ ತೋಚಿತೋ ಅವರು ಎತ್ತಬೇಕು, ಉಳಿದವರು ಹಿಡಿಯಬೇಕು. ಎತ್ತಿದವಳ ಕಡೆಗೆ ಮದುಮಗಳು ತಿರುಗಿ ಕೈಮುಗಿಯಬೇಕು. ಆಗಲೇ ಆ ಹೆಂಗಸಿನ ಹರಕೆ ಮದುಮಗಳಿಗೆ ಸಲ್ಲುತ್ತದೆ ಎಂದು ಆ ಮನೆತನದವರು ನಂಬಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು. ಹಾಡು ನಡುವೆ ಮುರಿಯಬಾರದು. ಮುರಿದರೆ ಮೊದಲಿನಿಂದ ಹಾಡಬೇಕು.

ಐವರ ಕಂಠವೂ ಒಂದೇ ಅಚ್ಚಿನದು. ಕಣ್ಣು ಮುಚ್ಚಿ ಕೇಳಿದರೆ, ದನಿ ಬಂದ ದಿಕ್ಕಿನಿಂದಲೇ ಇದು ದೊಡ್ಡವಳು, ಇದು ಮೂರನೆಯವಳು ಎಂದು ತಿಳಿಯಬೇಕಿತ್ತು.

ಒಮ್ಮೆ ಒಬ್ಬ ಧ್ವನಿ ತಂತ್ರಜ್ಞ ಅವರ ಮನೆಗೆ ಬಂದು, ಮದುಮಗಳು ಕೂರುವ ಮಣೆಯ ಮೇಲೆ ಐದು ಮೈಕುಗಳನ್ನು ಒಂದೊಂದನ್ನು ಒಬ್ಬೊಬ್ಬರ ಕಡೆಗೆ ತಿರುಗಿಸಿ ಇಟ್ಟ. ಅಕ್ಕತಂಗಿಯರು ಹಾಡಿದರು. ನಡುವೆ ಕಿರಿಯವಳಿಗೆ ಒಂದು ಸಾಲು ಮರೆತುಹೋಯಿತು. ದೊಡ್ಡವಳು ಹಾಡು ನಿಲ್ಲಿಸಿ, “ಲೇ ಪುಟ್ಟೀ, ಊಟದ ಮನೇಲಿ ಮಾತ್ರ ನಿನ್ನ ಬಾಯಿ ನಿಲ್ಲಲ್ಲ, ಇಲ್ಲಿ ಯಾಕೆ ಬೀಗ ಬಿತ್ತು?” ಎಂದಳು. ಎಲ್ಲರೂ ನಕ್ಕರು. ಆಮೇಲೆ ಬಿಟ್ಟ ಸಾಲಿನಿಂದಲೇ ಮುಂದೆ ಹಾಡಿದರು. ಇದೇನು ಮದುವೆ ಮನೆಯಲ್ಲವಲ್ಲ ಎಂದು ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಮುಂದಿನ ಒಂಬತ್ತು ವರ್ಷಗಳಲ್ಲಿ ಅಕ್ಕಂದಿರು ನಾಲ್ವರೂ ಒಬ್ಬೊಬ್ಬರಾಗಿ ತೀರಿಕೊಂಡರು. ಕಿರಿಯವಳು ಒಬ್ಬಳೇ ಉಳಿದಳು. ಅವಳ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಮಗಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಂದಿರು ಕೂರುತ್ತಿದ್ದ ಕಡೆಗಳಲ್ಲೆಲ್ಲ ಸ್ಪೀಕರು ಇಟ್ಟರೆ ನಾಲ್ವರ ಹರಕೆಯೂ ಅವಳಿಗೆ ಸಲ್ಲುತ್ತದೆ ಎಂಬುದು ತಾಯಿಯ ಆಸೆ. ಬೇರೆ ಯಾವ ಆಸೆಯೂ ಅವಳಿಗಿರಲಿಲ್ಲ.

ತಂತ್ರಜ್ಞನ ಬಳಿ ಮೂಲ ಇನ್ನೂ ಇತ್ತು. ಅವನು ಅದರಿಂದ ಒಂದು ಚಿಕ್ಕ ಫೈಲು ಕಟ್ಟಿ ಕೇಳಿಸಿದ. ಅಕ್ಕಂದಿರು ತಮ್ಮ ತಮ್ಮ ಜಾಗದಲ್ಲೇ ಕೂತು ಹಾಡುತ್ತಿದ್ದರು. ಕಿರಿಯವಳು ಕಣ್ಣೊರೆಸಿಕೊಂಡಳು.

ತಂತ್ರಜ್ಞ ಕೇಳಿದ: “ಆ ದೊಡ್ಡದು ಇನ್ನು ಬೇಕಾ ಅಕ್ಕಾ? ತುಂಬಾ ಜಾಗ ತಿನ್ನುತ್ತೆ.”

“ಕಿವಿಗೆ ಎರಡೂ ಒಂದೇ ಅಲ್ವೇನಪ್ಪಾ. ತೆಗೆದುಬಿಡು.”

ಅವನು ಅಳಿಸಿದ.

ಮನೆಗೆ ಬಂದ ಮೇಲೆ ಅವಳಿಗೆ ಕಟ್ಟಳೆ ನೆನಪಾಯಿತು. ಹಾಡು ನಡುವೆ ಮುರಿದಿದೆ. ಮೊದಲಿನಿಂದ ಹಾಡೋಣವೆಂದರೆ ಹಾಡುವವರಿಲ್ಲ. ತಾನು ಮರೆತ ಸಾಲು, ಅಕ್ಕನ ಮಾತು, ಎಲ್ಲರ ನಗು, ಇಷ್ಟನ್ನೂ ಕತ್ತರಿಸಿ ಕೂಡಿಸು ಎಂದು ಅವನಿಗೆ ಹೇಳಿದಳು. ಅವನು ಚಿಕ್ಕ ಫೈಲನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಚಿಕ್ಕದಾಗಿ ಕಟ್ಟಿ ಅದೇ ಹೆಸರಿನಲ್ಲಿ ಸೇವ್ ಮಾಡಿದ. ಅವಳು ತಿದ್ದಿದ ಜಾಗವನ್ನು ಕೇಳಿದಳು. ಕೂಡಿಸಿದ್ದು ಎಲ್ಲಿ ಎಂದು ಅವಳಿಗೇ ತಿಳಿಯಲಿಲ್ಲ. ಅವಳಿಗೆ ಬಹಳ ಸಂತೋಷವಾಯಿತು.

ಒಂದು ತಪ್ಪು ಹೋದ ಮೇಲೆ ಇನ್ನೊಂದು ಕೇಳಿಸಿತು. ಅಡುಗೆಮನೆಯಲ್ಲಿ ಕುಕ್ಕರು ಕೂಗಿದ್ದು ಹಾಡಿನಲ್ಲಿ ಸೇರಿತ್ತು. ಅದನ್ನು ತೆಗೆಸಿದಳು. ದೊಡ್ಡಕ್ಕ ಗಂಟಲು ಸರಿಮಾಡಿಕೊಂಡಿದ್ದಳು, ಅದೂ ಹೋಯಿತು. ಮೂರನೆಯವಳ ಬಳೆ ತಾಳ ತಪ್ಪಿ ಸದ್ದು ಮಾಡಿತ್ತು. ಮಗಳ ಶುಭದಲ್ಲಿ ಒಂದು ಅಪಸ್ವರವೂ ಇರಬಾರದು ಎಂದು ಅವಳು ಹಟ ಹಿಡಿದಿದ್ದಳು. ಪ್ರತಿ ಸಲವೂ ಅವನು ಬಿಚ್ಚಿದ, ತಿದ್ದಿದ, ಕಟ್ಟಿದ.

ಚಿಕ್ಕದಾಗಿ ಕಟ್ಟುವಾಗ ಯಂತ್ರ ಒಂದು ಕೆಲಸ ಮಾಡುತ್ತದೆ. ಕಿವಿಗೆ ಅಷ್ಟಾಗಿ ಬೇಡ ಎಂದು ತನಗೆ ತೋರಿದ್ದನ್ನು ಬಿಟ್ಟುಬಿಡುತ್ತದೆ. ಎರಡು ದಿಕ್ಕಿನ ದನಿ ಒಂದೇ ಬಗೆಯದಾಗಿ ಕಂಡರೆ, ಒಂದನ್ನೇ ಬರೆದುಕೊಂಡು ಎರಡಕ್ಕೂ ಹಂಚುತ್ತದೆ. ಒಂದು ಸಲಕ್ಕೆ ಅದು ಗೊತ್ತಾಗುವುದಿಲ್ಲ. ಆದರೆ ಬಿಟ್ಟದ್ದು ಮತ್ತೆ ಬರುವುದಿಲ್ಲ, ಮುಂದಿನ ಸಲ ಉಳಿದದ್ದರಲ್ಲೇ ಇನ್ನಷ್ಟು ಬಿಡುತ್ತದೆ. ಆ ಅಕ್ಕತಂಗಿಯರ ಕಂಠ ಒಂದೇ ಅಚ್ಚಿನದಾಗಿತ್ತು. ಯಂತ್ರಕ್ಕೆ ಅವರನ್ನು ಬೆರೆಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಐದನೆಯ ಸಲ ಕೇಳುವಾಗ ಅಕ್ಕಂದಿರು ಜರುಗಿ ಜರುಗಿ ಒತ್ತಾಗಿ ಕೂತ ಹಾಗೆ ಅವಳಿಗೆ ಅನ್ನಿಸಿತು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದುಕೊಂಡು ಕಿವಿಯ ಡಾಕ್ಟರ ಬಳಿ ಹೋದಳು. ಅವರು ನೋಡಿ, ನಿಮ್ಮ ಕಿವಿ ನನ್ನದಕ್ಕಿಂತ ಚೆನ್ನಾಗಿದೆಯಮ್ಮ ಎಂದರು. ಅವಳು ಡಾಕ್ಟರನ್ನು ನಂಬಲಿಲ್ಲ, ತಂತ್ರಜ್ಞನನ್ನು ನಂಬಿದಳು. ಇನ್ನೆರಡು ಸಲ ತಿದ್ದಿಸಿದಳು. ಕೊನೆಯದು ಅವಳದೇ ದನಿ. ಒಂದು ಪದವನ್ನು ತುಸು ಏರಿಸಿ ಎತ್ತಿದ್ದಳು, ಅದನ್ನು ಇಳಿಸಿದರು.

ಅರಿಶಿನದ ದಿನ ಬಂತು. ಮಗಳು ಮಣೆಯ ಮೇಲೆ ಕೂತಳು. ಸುತ್ತಲೂ ಐದು ಸ್ಪೀಕರು. ನೆಂಟರೆಲ್ಲ ಸುಮ್ಮನಾದರು. ಹಾಡು ಶುರುವಾಯಿತು. ಒಂದು ಕೆಮ್ಮಿಲ್ಲ, ಒಂದು ಬಳೆಯ ಸದ್ದಿಲ್ಲ, ಎಲ್ಲಿಯೂ ಮುರಿದಿಲ್ಲ. ಎಷ್ಟು ಚೊಕ್ಕವಾಗಿ ಬಂದಿದೆ ಎಂದು ಯಾರೋ ಪಿಸುಗುಟ್ಟಿದರು.

ಒಬ್ಬಳು ಪದ ಎತ್ತಿದಳು. ಮಗಳು ಕೈಜೋಡಿಸಿ ಎಡಕ್ಕೆ ತಿರುಗಿದಳು. ಅಲ್ಲವೆನಿಸಿ ಬಲಕ್ಕೆ ತಿರುಗಿದಳು. ಹಿಂದಕ್ಕೂ ನೋಡಿದಳು. ಆಮೇಲೆ ತಾಯಿಯ ಮುಖ ನೋಡಿದಳು.

“ಅಮ್ಮಾ, ಇದು ಯಾವ ದೊಡ್ಡಮ್ಮ? ಯಾವ ಕಡೆ ತಿರುಗಲಿ?”

ತಾಯಿ ಕಣ್ಣು ಮುಚ್ಚಿ ಕೇಳಿದಳು. ತಿದ್ದಿಸಿದ ಜಾಗಗಳನ್ನು ಹತ್ತಾರು ಸಲ ಕೇಳಿದ್ದಳು. ಇಡೀ ಹಾಡನ್ನು, ನಡುವೆ ಕೂತು, ಅವಳು ಮೊದಲ ದಿನದ ನಂತರ ಕೇಳಿರಲಿಲ್ಲ. ದನಿ ಎಲ್ಲ ಕಡೆಯಿಂದಲೂ ಬರುತ್ತಿತ್ತು. ಅದು ಅಕ್ಕನ ದನಿ ಎಂದು ಗೊತ್ತಿತ್ತು. ಯಾವ ಅಕ್ಕನದು ಎಂದು ಗೊತ್ತಾಗಲಿಲ್ಲ. ಹುಟ್ಟಿದಾಗಿನಿಂದ ಆ ನಾಲ್ವರ ನಡುವೆ ಬೆಳೆದವಳಿಗೆ ಗೊತ್ತಾಗಲಿಲ್ಲ.

ಮಗಳು ಕೈಮುಗಿದುಕೊಂಡು ನೇರಕ್ಕೆ, ಯಾರೂ ಇಲ್ಲದ ಕಡೆಗೆ ನೋಡುತ್ತ ಕೂತಳು. ಆ ಪದ ಮುಗಿಯಿತು. ಮುಂದಿನದೂ ಹಾಗೆಯೇ ಮುಗಿಯಿತು. ಹಾಡು ಮುಗಿದ ಮೇಲೆ ಹೆಂಗಸರು ಬಂದು ಅರಿಶಿನ ಹಚ್ಚಿದರು.

ಮರುದಿನ ಅವಳು ತಂತ್ರಜ್ಞನ ಬಳಿ ಹೋಗಿ ಆ ದೊಡ್ಡದು ಬೇಕು ಎಂದಳು. ಅವನು ತಲೆ ತಗ್ಗಿಸಿ, “ನೀವೇ ತೆಗೆದುಬಿಡು ಅಂದ್ರಲ್ಲ ಅಕ್ಕಾ,” ಎಂದ. “ಹೌದಪ್ಪಾ, ನಾನೇ ಅಂದೆ,” ಎಂದಳು. ಆ ಡಿಸ್ಕಿನಲ್ಲಿ ಬೇರೆಯವರ ಮದುವೆಗಳು ತುಂಬಿಕೊಂಡಿದ್ದವು. ಆಮೇಲೆ ಅವಳು ಆ ಹಾಡನ್ನು ಹಾಕಲಿಲ್ಲ. ತಾನಾಗಿ ಹಾಡಲೂ ಇಲ್ಲ. ಎತ್ತಿಕೊಟ್ಟರೆ ಹಿಡಿಯುವವರು ಯಾರಿದ್ದರು?

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆ ಏಳು ಸಲದಲ್ಲಿ ಫೈಲು ಕೆಟ್ಟದ್ದು ಯಾವ ಸಲ, ಗುರುಗಳೇ? ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ?”

ಗುರುಗಳು ಹೇಳಿದರು: “ಏಳು ಸಲವೂ ಆಕೆ ಕೇಳಿ, ಮೊದಲಿಗಿಂತ ಚೆನ್ನಾಗಿದೆ ಎಂದೇ ಒಪ್ಪಿಕೊಂಡು ಹೋದಳು.”

ದಿನಚರಿಯ ಆ ಪುಟದಲ್ಲಿ ನಾನು ಬರೆದಿಟ್ಟದ್ದು ಇಷ್ಟು: ತಿದ್ದಿದ್ದು ಏಳು ಸಲ. ಹೋದವರು ನಾಲ್ವರು ಅಕ್ಕಂದಿರು, ಮಗಳಿಗೆ ಸಲ್ಲದೆ ಹೋದದ್ದು ಅವರ ನಾಲ್ಕು ಹರಕೆ. ಉಳಿದದ್ದು ಹದಿನಾರು ನಿಮಿಷದ ಒಂದು ಹಾಡು. ಅದರಲ್ಲಿ ತಪ್ಪಿಲ್ಲ.