ಕೊಂಡಿಯ ಆಚೆ ತುದಿ

ಬೌದ್ಧ ಭಿಕ್ಷು ಪೂಜ್ಯ ರೇವತ ಭಂತೆಯವರು ಆ ವರ್ಷದ ಮಳೆಗಾಲವನ್ನು ನೇಕಾರರ ಓಣಿಯ ಹಿಂದೆ, ಹಿಂದೊಮ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ಒಂದು ಹಾಳು ಮನೆಯಲ್ಲಿ ಕಳೆದರು. ಮಲಗಲು ಗೋಣಿತಟ್ಟು, ಉಣ್ಣಲು ಭಿಕ್ಷಾಪಾತ್ರೆ, ಅಷ್ಟೇ. ಮುಂದಿನದನ್ನು ನಾನು ನೀಲವ್ವನ ಬಾಯಿಂದಲೇ ಕೇಳಿದ್ದೇನೆ. ಒಂದಕ್ಷರವನ್ನೂ ಸೇರಿಸಿಲ್ಲ, ನಂಬುವವರು ನಂಬಲಿ.

ನೀಲವ್ವ ಮತ್ತು ಅವಳ ಅಕ್ಕ ಹೊನ್ನವ್ವ ಮೂವತ್ತು ವರ್ಷ ಒಂದೇ ಮಗ್ಗದಲ್ಲಿ ಸೀರೆ ನೇಯ್ದವರು. ಅಲ್ಲಿನ ಸೀರೆಗೆ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ; ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಸೆರಗಿನ ಕಡೆ ಯಾವಾಗಲೂ ಹೊನ್ನವ್ವನೇ. ಅವಳು ಜ್ವರ ಬಂದು ತೀರಿಕೊಂಡಳು. ಹದಿನಾಲ್ಕನೆಯ ದಿನ ನೀಲವ್ವ ಅರ್ಧಕ್ಕೆ ನಿಂತ ಸೀರೆಯ ಮುಂದೆ ಕುಳಿತು ಒಂದೆಳೆ ಎತ್ತಿದಳು. ಆಚೆಯಿಂದ ಯಾರೋ ಅದನ್ನು ಬಿಗಿಯಾಗಿ ಹಿಡಿದರು.

ಮರುದಿನವೂ ಹಾಗೆಯೇ. ಅಕ್ಕ ಕರೆಯುತ್ತಿದ್ದಾಳೆಂದು ನೀಲವ್ವ ಅನ್ನ ಬಿಟ್ಟಳು, ನಾಲ್ಕನೆಯ ದಿನ ಬಾವಿಯ ದಾರಿ ಹಿಡಿದಳು. ಆ ದಾರಿಯಲ್ಲೇ ಭಂತೆಯವರು ತಮ್ಮ ಹಾಳು ಮನೆಯ ಬಾಗಿಲಲ್ಲಿ ನಿಂತಿದ್ದರು; ಎಲ್ಲಿಗೆ ಹೊರಟೆ ಎಂದು ಕೇಳಿದರು.

"ಅಕ್ಕ ಆ ಕಡೆ ಕುಂತಾಳ್ರಿ ಯಪ್ಪಾ, ಎಳಿ ಹಿಡಿದು ಜಗ್ಗಾಕತ್ತಾಳ. ನಾ ಒಬ್ಬಾಕಿ ಈ ಕಡೆ ಹ್ಯಾಂಗ ಇರ್ಲಿ?"

"ಮಗ್ಗ ತೋರಿಸು, ತಾಯಿ" ಎಂದರು ಭಂತೆಯವರು.

ಮಟಮಟ ಮಧ್ಯಾಹ್ನ. ಅವರು ಒಳಗೆ ಕಾಲಿಟ್ಟಾಗ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವಂತೆ. ನೀಲವ್ವ ಕುಳಿತು ಎಳೆ ಎತ್ತಿದಳು. ಎದುರಿಗೆ ಯಾರೂ ಇಲ್ಲ, ಎಳೆ ಬಿಗಿಯಾಯಿತು. ಅಬ್ಬಾ, ಬರೆಯುವಾಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಭಂತೆಯವರ ಮುಖದಲ್ಲಿ ಅಳುಕಿರಲಿಲ್ಲ.

"ಆ ತುದಿ ಹಿಡಿದವರು ಯಾರು?"

"ನಮ್ಮಕ್ಕ ರೀ."

"ಈ ತುದಿ ಹಿಡಿದವರು?"

"ನಾ" ಎನ್ನಲು ಬಾಯಿ ತೆರೆದವಳು ತನ್ನ ಕೈ ನೋಡಿಕೊಂಡಳು. ಬೆರಳಿಗೆ ಎಂಜಲು ಹಚ್ಚಿ ಎಳೆ ಹೊಸೆಯುವ ಆ ರೀತಿ ಅಕ್ಕನದು. ಅಕ್ಕನಿಗೆ ಅವ್ವ ಕಲಿಸಿದ್ದು, ಅವ್ವನಿಗೆ ಇನ್ಯಾರೋ. ಆ ಕೈಯಲ್ಲಿ ತನ್ನದೆಂಬುದನ್ನು ಹುಡುಕುತ್ತ ಹೋದರೆ ಈ ಕಡೆಯೂ ಯಾರೂ ಕುಳಿತಿರಲಿಲ್ಲ. ಕಿರುಚಬೇಕೆನ್ನಿಸಿತಂತೆ, ಬಂದದ್ದು ನಗು, ಅದರ ಹಿಂದೆಯೇ ಅಳು.

ಭಂತೆಯವರು ಕೊಂಡಿಯ ಮೇಲೆ ಬೆರಳಿಟ್ಟರು. "ಒಡಲು ಎಲ್ಲಿ ಮುಗಿಯಿತು, ತೋರಿಸು."

ಅವಳಿಗೆ ತೋರಿಸಲಾಗಲಿಲ್ಲ. ಅಂದು ಸಂಜೆ ನೀಲವ್ವ ಅಂಬಲಿ ಕುಡಿದಳು. ಆಮೇಲೆ ಇಪ್ಪತ್ತೆರಡು ವರ್ಷ ಒಬ್ಬಳೇ ಆ ಮಗ್ಗದಲ್ಲಿ ನೇಯ್ದಳು.

ಅವಳ ಕೊನೆಗಾಲದಲ್ಲಿ ನಾನು ಕೇಳಿದೆ: "ಅವ್ವಾ, ಈಗಲೂ ಆಚೆಯಿಂದ ಜಗ್ಗುತ್ತಾರೆಯೇ?"

"ಹೂನ್ರಿ" ಎಂದಳು, ಎಳೆಯಿಂದ ಕಣ್ಣೆತ್ತದೆ. "ಈ ಕಡೆ ಜಗ್ಗಾವ್ರು ಯಾರದಾರೋ, ಆ ಕಡೆನೂ ಅವರೇ ಅದಾರ."