ಅಪ್ಪಣೆಯ ಮಜ್ಜಿಗೆ

"ಎಂದೂ ಬೇಡ ಎನ್ನದವರನ್ನು ಪ್ರತಿ ಸಲವೂ ಕೇಳಬೇಕೆ, ಗುರುಗಳೇ?"

ಶಿಷ್ಯ ಮುದ್ದವೀರ ಇದನ್ನು ಕೇಳಿದ್ದು ಮಠದ ಕೊಟ್ಟಿಗೆಯ ಮುಂದೆ ನಿಂತು. ತಲೆಯ ಮೇಲಿದ್ದ ಹುಲ್ಲಿನ ಹೊರೆಯನ್ನು ಆಗಷ್ಟೇ ಇಳಿಸಿದ್ದ. ಮಠದ ಹಸುಗಳಿಗೆ ಹುಲ್ಲು ತರುವುದು ಅವನ ಪಾಲಿನ ಕೆಲಸ. ಪಕ್ಕದಲ್ಲಿ ಒಬ್ಬ ಮುದುಕಿಯ ಹೊಲವಿತ್ತು, ಅದರ ಬದುವಿನ ತುಂಬ ಹುಲ್ಲಿತ್ತು. ದಿನಾ ಅವಳ ಬಾಗಿಲಿಗೆ ಹೋಗಿ ಕೇಳುತ್ತಿದ್ದ. ದಿನಾ ಅವಳು "ಕುಯ್ಕೊಳಪ್ಪ" ಎನ್ನುತ್ತಿದ್ದಳು. ಇಂದು ಕೇಳದೆ ಕೊಯ್ದು ತಂದಿದ್ದ. ಅದನ್ನು ಅವನು ಹೇಳಲಿಲ್ಲ, ಗುರುಗಳೂ ಕೆದಕಲಿಲ್ಲ. ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು, ಅವನನ್ನೂ ಕೂರಿಸಿಕೊಂಡು, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಊರಾಚೆ ಹಳ್ಳದ ಪಕ್ಕದಲ್ಲಿ ಒಬ್ಬ ರೈತನ ಜೋಳದ ಹೊಲವಿತ್ತು. ಹೊಲಕ್ಕೆ ಕಾಡುಹಂದಿಯ ಕಾಟ. ರೈತನಿಗೆ ಹಂದಿ ಬೇಡವಾಗಿತ್ತು, ಬೇಟೆಗಾರನಿಗೆ ಬೇಕಾಗಿತ್ತು. ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು.

ಆ ಸೀಮೆಯಲ್ಲಿ ಒಂದು ವಾಡಿಕೆ ಇತ್ತು. ಇನ್ನೊಬ್ಬರ ಹೊಲದಲ್ಲಿ ಬೇಟೆಯಾಡುವವನು ಹಿಂದಿನ ಸಂಜೆಯೇ ಹೊಲದ ಒಡೆಯನ ಮನೆಗೆ ಹೋಗಬೇಕು. ಬಿಲ್ಲನ್ನು ಅಂಗಳದ ಹೊರಗಿಟ್ಟು, ಬರಿಗೈಯಲ್ಲಿ ಬಾಗಿಲ ಮುಂದೆ ನಿಂತು ಕೇಳಬೇಕು. ಒಡೆಯ ಒಪ್ಪಿದರೆ ಒಳಗಿನಿಂದ ಒಂದು ಚೊಂಬು ಮಜ್ಜಿಗೆ ಬರುತ್ತದೆ. ಅದನ್ನು ಕುಡಿದರೆ ಅಪ್ಪಣೆಯಾಯಿತು. ಹಂದಿ ಬಿದ್ದರೆ ಅದರ ಒಂದು ತೊಡೆ ಒಡೆಯನ ಮನೆಗೆ ಸಲ್ಲಬೇಕು.

ಬೇಟೆಗಾರ ವರ್ಷಗಟ್ಟಲೆ ಹೀಗೇ ನಡೆದುಕೊಂಡು ಬಂದ.

"ನಾಳೆ ಬೆಳಿಗ್ಗೆ ಬರ್ಲಾ ಗೌಡ್ರೆ?" ಎಂದು ಕೇಳುತ್ತಿದ್ದ.

"ಯಾವ ಕಡೆಯಿಂದ ಬರ್ತೀಯಪ್ಪ?" ಎನ್ನುತ್ತಿದ್ದ ರೈತ.

"ಹಳ್ಳದ ಕಡೆಯಿಂದ."

"ಹೂಂ, ಬಾ."

ಆಮೇಲೆ ರೈತನ ಹೆಂಡತಿ ಚೊಂಬು ಹಿಡಿದು ಹೊರಗೆ ಬಂದು, "ತಗೊಳಪ್ಪ, ಕುಡಿ" ಎನ್ನುತ್ತಿದ್ದಳು. ಇಷ್ಟೇ ಮಾತು, ಪ್ರತಿ ಸಲವೂ. ನಾನು ಯಾವ ಕಡೆಯಿಂದ ಬಂದರೆ ಇವರಿಗೇನು ಎಂದು ಬೇಟೆಗಾರನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ವಯಸ್ಸಾದವರು, ಏನಾದರೂ ಒಂದು ಮಾತಾಡಬೇಕಲ್ಲ, ಕೇಳುತ್ತಾರೆ ಎಂದುಕೊಂಡು ಸುಮ್ಮನಾಗುತ್ತಿದ್ದ. ಮಜ್ಜಿಗೆ ಮಾತ್ರ ಚೆನ್ನಾಗಿರುತ್ತಿತ್ತು.

ಬೇಟೆಗಾರನಿಗೆ ಒಬ್ಬಳೇ ಮಗಳು. ಅವಳ ಮದುವೆಯಾಯಿತು. ಬೀಗರು ಊಟಕ್ಕೆ ಬರುವ ದಿನ ಗೊತ್ತಾಯಿತು. ಹೆಣ್ಣು ಕೊಟ್ಟವನಿಗೆ ಮದುವೆ ಮಾಡುವುದಕ್ಕಿಂತ ಬೀಗರೂಟ ಹಾಕುವುದೇ ಕಷ್ಟ. ಬೇಟೆಗಾರನ ಮನೆಯಲ್ಲಿ ಬರೀ ಕಾಳಿನ ಸಾರು ಉಂಡು ಬಂದೆವು ಎಂದು ಬೀಗರು ಒಂದು ಸಲ ಅಂದರೆ ಸಾಕು, ಮಗಳು ಆ ಮಾತನ್ನು ಮುದುಕಿಯಾಗುವ ತನಕ ಕೇಳಬೇಕು. ಮಗಳೆಂದರೆ ಅವನಿಗೆ ಪ್ರಾಣ. ಹೇಗಾದರೂ ಮಾಡಿ ಒಂದು ಹಂದಿ ಹೊಡೆಯಲೇಬೇಕೆಂದು ಹಟ ಹಿಡಿದ.

ಊಟದ ಹಿಂದಿನ ದಿನ ಅವನಿಗೆ ಪುರುಸೊತ್ತೇ ಸಿಗಲಿಲ್ಲ. ಸೌದೆ ಒಡೆದ. ಊರೆಲ್ಲ ಅಲೆದು ದೊಡ್ಡ ಪಾತ್ರೆಗಳನ್ನು ತಂದ. ಚಪ್ಪರಕ್ಕೆ ಗರಿ ಹೊದಿಸಿದ. ಅಷ್ಟರಲ್ಲಿ ಹೊತ್ತು ಮುಳುಗಿತು. ರೈತನ ಮನೆ ಹಳ್ಳದ ಆಚೆ ದಡದಲ್ಲಿತ್ತು. ಹೋಗಿ ಬರುವಷ್ಟರಲ್ಲಿ ಅಡುಗೆಯವರು ಬಂದು ಕಾಯುತ್ತಾರೆ. ಬೇಟೆಗಾರ ಹೊಸಿಲ ಮೇಲೆ ಕುಳಿತು ಯೋಚಿಸಿದ.

ನಾನು ಹೋಗಿ ಬರ್ಲಾ ಅನ್ನುತ್ತೇನೆ. ಅವರು ಯಾವ ಕಡೆಯಿಂದ ಅನ್ನುತ್ತಾರೆ. ನಾನು ಹಳ್ಳದ ಕಡೆಯಿಂದ ಅನ್ನುತ್ತೇನೆ. ಅವರು ಹೂಂ, ಬಾ ಅನ್ನುತ್ತಾರೆ. ಇದಕ್ಕೆ ಅಷ್ಟು ದೂರ ನಡೆಯಬೇಕೆ? ಹೀಗೆಂದುಕೊಂಡು ರೈತನ ಮಾತನ್ನು ತಾನೇ ಆಡಿದ. "ಹೂಂ, ಬಾ" ಎಂದು ಥೇಟ್ ರೈತನ ಧ್ವನಿಯಲ್ಲೇ ಅಂದ. ಅವನಿಗೆ ನಗು ಬಂತು. ಆದರೂ ವಾಡಿಕೆ ಬಿಡಲು ಮನಸ್ಸು ಒಪ್ಪಲಿಲ್ಲ. ಒಳಗೆ ಹೋಗಿ ಹೆಂಡತಿಯನ್ನು ಒಂದು ಚೊಂಬು ಮಜ್ಜಿಗೆ ಕೇಳಿದ. ನಾಳೆಯ ಊಟಕ್ಕೆಂದು ಇಟ್ಟಿದ್ದರಲ್ಲಿ ಅವಳು ಬಗ್ಗಿಸಿ ಕೊಟ್ಟಳು.

"ಗೌಡ್ರನ್ನ ಕೇಳ್ಕೊಂಡು ಬಂದ್ರಾ?" ಎಂದಳು.

"ಕೇಳಿದ ಹಾಗೇನೇ. ಅವ್ರು ಯಾವತ್ತು ಬ್ಯಾಡ ಅಂದವ್ರೆ?"

ಮಜ್ಜಿಗೆ ಯಾರ ಮನೆಯದಾದರೂ ಮಜ್ಜಿಗೆಯೇ ಎಂದುಕೊಂಡು ಗಟಗಟ ಕುಡಿದ. ನಾಳೆ ತೊಡೆ ಕೊಡಲು ಹೋದಾಗ ಅವರ ಮನೆಯಲ್ಲೂ ಒಂದು ಚೊಂಬು ಕುಡಿದರಾಯಿತು, ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಬೆಳಗಿನ ನಸುಕಿನಲ್ಲಿ ಹಳ್ಳ ಹತ್ತಿ ಹೊಲದ ಅಂಚಿಗೆ ಬಂದ. ಜೋಳ ಆಳೆತ್ತರ ನಿಂತಿತ್ತು. ಹಂದಿ ನುಗ್ಗುವ ಕಂಡಿ ಅವನಿಗೆ ಗೊತ್ತಿತ್ತು. ಅದರ ಎದುರಿಗೆ ಕುಳಿತು ಕಾದ. ಸ್ವಲ್ಪ ಹೊತ್ತಿಗೆ ಪೈರು ಅಲ್ಲಾಡಿತು. ನೆಲಕ್ಕೆ ಬಾಗಿದ ಒಂದು ಕಪ್ಪು ಬೆನ್ನು ದಂಟುಗಳ ನಡುವೆ ನಿಧಾನವಾಗಿ ಸರಿಯಿತು. ಬೇಟೆಗಾರನ ಕಣ್ಣ ಮುಂದೆ ಮಗಳ ಮುಖ ಬಂತು, ಬೀಗರ ಎಲೆ ಬಂತು. ಬಾಣ ಬಿಟ್ಟ.

"ಅಯ್ಯಯ್ಯೋ!" ಎಂಬ ಕೂಗು ಕೇಳಿತು.

ಅದು ಯಾರ ಧ್ವನಿ ಎಂದು ಅವನಿಗೆ ಕೂಡಲೇ ತಿಳಿಯಿತು. ಅಷ್ಟು ವರ್ಷ ತನಗೆ ಕುಡಿ ಎಂದು ಹೇಳಿದ ಧ್ವನಿ. ಬಿಲ್ಲು ಬಿಸಾಡಿ ಓಡಿದ. ರೈತನ ಹೆಂಡತಿ ಬುಟ್ಟಿಯ ಪಕ್ಕದಲ್ಲಿ ಬಿದ್ದಿದ್ದಳು. ಚಳಿಗೆ ಕರಿ ಕಂಬಳಿ ಹೊದ್ದು, ಸಾಲುಗಳ ನಡುವೆ ಬಾಗಿ ಸೊಪ್ಪು ಕೀಳುತ್ತಿದ್ದವಳು ಅವಳು. ಬಾಣ ಕಂಬಳಿಯನ್ನು ತೂರಿ ಭುಜವನ್ನು ಸೀಳಿಕೊಂಡು ಹೋಗಿತ್ತು. ಬೇಟೆಗಾರ ತಲೆಯ ರುಮಾಲು ಬಿಚ್ಚಿ ಗಾಯಕ್ಕೆ ಬಿಗಿದು ಕಟ್ಟಿದ. ಅವಳನ್ನು ಎತ್ತಿಕೊಂಡು ರೈತನ ಮನೆಗೆ ನಡೆದ. ದಾರಿಯುದ್ದಕ್ಕೂ ಅಳುತ್ತಲೇ ಇದ್ದ.

ಅರಿಸಿನ ಮೆತ್ತಿದರು. ಹೊತ್ತೇರುವಷ್ಟರಲ್ಲಿ ರಕ್ತ ನಿಂತಿತು. ಜೀವಕ್ಕೆ ಭಯವಿಲ್ಲ ಎಂದು ಗೊತ್ತಾಯಿತು. ಅತ್ತ ಬೀಗರು ಬಂದರು, ಕಾಳಿನ ಸಾರು ಉಂಡರು. ಅವರು ಏನಂದರು ಎಂದು ಕೇಳಲು ಬೇಟೆಗಾರ ಅಲ್ಲಿರಲಿಲ್ಲ. ರೈತನ ಅಂಗಳದಲ್ಲಿ ಮೊಣಕಾಲಿಗೆ ತಲೆಯಿಟ್ಟು ಕುಳಿತಿದ್ದ. ರೈತ ಹೊರಗೆ ಬಂದು ಜಗಲಿಯ ಮೇಲೆ ಕುಳಿತ. ಬೈಯಲಿಲ್ಲ. ಬೈದಿದ್ದರೆ ಬೇಟೆಗಾರನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಅವನೇ ಬಾಯಿ ಬಿಟ್ಟ. "ಗೌಡ್ರೆ, ನಿನ್ನೆ ನಾನು ಬಂದು ಕೇಳಿದ್ರೆ, ಬ್ಯಾಡ ಅಂತಿದ್ರಾ?"

"ಬ್ಯಾಡ ಯಾಕಪ್ಪ ಅನ್ಲಿ? ಬಾ ಅಂತಿದ್ದೆ," ಎಂದ ರೈತ. "ಆಮೇಲೆ ಒಳಕ್ಕೆ ಹೋಗಿ, ನಾಳೆ ಬೆಳಿಗ್ಗೆ ಹಳ್ಳದ ಕಡೆ ಸೊಪ್ಪಿಗೆ ಹೋಗ್ಬ್ಯಾಡ ಕಣೇ ಅಂತ ಇವಳಿಗೆ ಹೇಳ್ತಿದ್ದೆ. ಇಷ್ಟು ವರ್ಷ ಹಂಗೇ ತಾನೆ ಮಾಡಿದ್ದು."

ರೈತ ಅಷ್ಟು ವರ್ಷ ಕೇಳುತ್ತಿದ್ದ ಆ ಒಂದು ಮಾತು ಬೇಟೆಗಾರನಿಗೆ ಆಗ ಅರ್ಥವಾಯಿತು. ನಾಚಿಕೆಯಿಂದ ಅವನ ತಲೆ ಇನ್ನಷ್ಟು ಕೆಳಗಾಯಿತು. ಅಷ್ಟರಲ್ಲಿ ರೈತನ ಹೆಂಡತಿ ಬಾಗಿಲಿಗೆ ಬಂದಳು. ಒಂದು ಕೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿದ್ದರು. ಇನ್ನೊಂದು ಕೈಯಲ್ಲಿ ಚೊಂಬು ಇತ್ತು.

"ಬೆಳಗಿಂದ ಬಾಯಿಗೆ ಏನೂ ಹಾಕಿಲ್ಲ ನೀನು," ಎಂದಳು. "ತಗೊಳಪ್ಪ, ಕುಡಿ."

ಬೇಟೆಗಾರ ಎರಡೂ ಕೈ ಚಾಚಿ ಚೊಂಬು ತೆಗೆದುಕೊಂಡ. ಬಾಯಿಯ ತನಕ ಎತ್ತಲು ಅವನಿಂದ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ಟಿಗೆಯಲ್ಲಿ ಹಸು ಹುಲ್ಲಿಗೆ ಮೂತಿ ಚಾಚುತ್ತಿತ್ತು. ಮುದ್ದವೀರ ಹೊರೆಯನ್ನು ಬಿಚ್ಚಿರಲಿಲ್ಲ. ಅವನಿಗೆ ಕತೆ ಒಪ್ಪಿಗೆಯಾಗಿತ್ತು, ಆದರೆ ಪೂರಾ ಆಗಿರಲಿಲ್ಲ. ಸೋಲಲು ಮನಸ್ಸಿಲ್ಲದವರು ಕೊನೆಯಲ್ಲಿ ಒಂದು ಪ್ರಶ್ನೆ ಉಳಿಸಿಕೊಂಡಿರುತ್ತಾರೆ. ಅವನೂ ಉಳಿಸಿಕೊಂಡಿದ್ದ.

"ಗುರುಗಳೇ, ಆಕೆ ಹೊಲದಲ್ಲಿದ್ದಳು, ಅನಾಹುತವಾಯಿತು, ಸರಿ. ಅಂದು ಆಕೆ ಅಲ್ಲಿ ಇಲ್ಲದೇ ಹೋಗಿದ್ದರೆ? ಬಾಣಕ್ಕೆ ಹಂದಿಯೇ ಬಿದ್ದಿದ್ದರೆ? ಆಗಲೂ ಬೇಟೆಗಾರನದು ತಪ್ಪೇ?"

ಗುರುಗಳು ಹುಲ್ಲಿನ ಹೊರೆಯ ಕಡೆಗೊಮ್ಮೆ ನೋಡಿ, ಅವನ ಕಡೆಗೆ ತಿರುಗಿದರು.

"ಆಕೆ ಹೊಲದಲ್ಲಿಲ್ಲ ಎಂದು ಹೇಳಬೇಕಾದ ಬಾಯಿ ಯಾರದು, ಮುದ್ದವೀರ?"