ಹಾಡು ತರಲು ಹೋದವನು

ಮೋಡ ಹಾಯುವ ಬೆಟ್ಟದ ನೆತ್ತಿಯಲ್ಲಿ ಒಂದು ಗವಿ. ಅಲ್ಲಿ ಕಲ್ಲಯ್ಯಜ್ಜ ಎಂಬ ಮುದಿ ಗುರುಗಳು, ಅವರಿಗೊಬ್ಬ ಶಿಷ್ಯ ಹಾಲಪ್ಪ.

ಅಜ್ಜನ ಕಿವಿ ಮಂದವಾಗಿತ್ತು. ಹತ್ತಿರ ಬಂದು ಕೂಗಿದರೆ ಮಾತು ಕೇಳಿಸೀತು. ಕಾಡಿನ ಹಕ್ಕಿಗಳ ದನಿ ಎಂದೋ ದೂರವಾಗಿತ್ತು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಶಿಷ್ಯನನ್ನು ಕರೆದರು.

"ಹಳ್ಳದ ಕಾಡಲ್ಲಿ ನೀಲಿ ಎದೆಯ ಪುಟ್ಟ ಹಕ್ಕಿ ಇದೆಯಲ್ಲ, ಸಾಯೋದರೊಳಗೆ ಅದರ ಹಾಡು ಇನ್ನೊಂದು ಸಲ ಕೇಳಬೇಕು ಕಣೋ. ತಗೊಂಡು ಬಾ."

"ಹಿಡಿದು ತರಲಾ, ಬುದ್ಧಿ?"

"ಹಕ್ಕಿ ಅಲ್ಲವೋ ಪೆದ್ದೇ, ಹಾಡು!"

ಹಾಲಪ್ಪ ಮೊದಲೇ ಮಾತಿನಮಲ್ಲ. ಗುರುಗಳ ದರ್ಶನಕ್ಕೆ ಬಂದ ಜನ ಶಿಷ್ಯನ ಪ್ರವಚನ ಕೇಳಿ ತಲೆದೂಗಿ ಹೋಗುತ್ತಿದ್ದರು. ಇದೇನು ಮಹಾ ಎಂದುಕೊಂಡು ಹೋದ. ಹಕ್ಕಿ ಬಾಯಿ ತೆರೆದದ್ದೇ ತಡ, ಎದ್ದು ಓಡಿಬಂದ.

"ಜೇನು ಬುದ್ಧಿ, ಜೇನು! ಮುತ್ತು ಸುರಿದ ಹಾಗೆ! ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು!"

ಅಜ್ಜ ಕೇಳಿಸಿಕೊಂಡರು. "ಜೇನು ಗೊತ್ತು, ಮುತ್ತೂ ಗೊತ್ತು. ಹಾಡೆಲ್ಲಿ?"

ಮರುದಿನ ಆ ಹಾಡನ್ನೇ ಸಿಳ್ಳೆಯಲ್ಲಿ ಕಲಿತು ಬಂದ. ಅಜ್ಜನ ಕಿವಿಗೆ ಬಾಯಿಟ್ಟು ಊದಿದ.

"ಭೇಷ್," ಎಂದರು ಅಜ್ಜ. "ಇದು ಹಾಲಪ್ಪನ ಸಿಳ್ಳೆ."

ಆಮೇಲೆ ಅಜ್ಜನಿಗೆ ಗಂಜಿಯೂ ಇಳಿಯದಾಯಿತು. ಹಾಲಪ್ಪನ ಜೀವ ಬಾಯಿಗೆ ಬಂತು. ಸಾಕಿ ಸಲಹಿದ ಗುರು ತನ್ನಿಂದ ಕೇಳಿದ್ದು ಇದೊಂದೇ. ಅದನ್ನೂ ಕೊಡಲಾರದೆ ಹೋದರೆ ಈ ಬಾಯಿ ಇದ್ದೇನು ಬಂತು?

ನಸುಕಿಗೆ ಹಳ್ಳದ ಕಲ್ಲಿನ ಮೇಲೆ ಹೋಗಿ ಕೂತ. ಏನು ಹೇಳಲಿ ಎಂದು ಯೋಚಿಸಲೂ ತ್ರಾಣವಿರಲಿಲ್ಲ. ಸುಮ್ಮನೆ ಕೂತ.

ಮಂಜು ಸರಿಯಿತು. ಮಾರು ದೂರದ ಪಾಚಿಗಟ್ಟಿದ ಕೊಂಬೆಯ ಮೇಲೆ ಆ ಹಕ್ಕಿ. ಮುಷ್ಟಿಯಲ್ಲಿ ಹಿಡಿಸುವಷ್ಟು ಮೈ. ಅದು ಹಾಡತೊಡಗಿತು. ಗಂಟಲು, ಎದೆ, ಬಾಲದ ತುದಿಯವರೆಗೂ ನಡುಗುವಂತೆ ಹಾಡಿತು. ಅಬ್ಬಾ! ಇಷ್ಟು ಪುಟ್ಟ ಜೀವದೊಳಗಿಂದ ಇಡೀ ಕಣಿವೆ ತುಂಬುವ ದನಿ ಬರುವುದೆಂದರೇನು! ಹಾಲಪ್ಪನ ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರಾಡಿತು. ತಾನು ಬಂದ ಕೆಲಸವೇ ಮರೆತುಹೋಯಿತು.

ಹೊತ್ತೇರಿದ ಮೇಲೆ ಗವಿಗೆ ಮರಳಿ ಅಜ್ಜನ ಪಕ್ಕ ಕೂತ.

"ತಪ್ಪಾಯಿತು ಬುದ್ಧಿ," ಎಂದ, ಕಿವಿಯ ಹತ್ತಿರ ಬಾಗಿ. "ಇವತ್ತು ಏನೂ ತಂದಿಲ್ಲ."

ಅಜ್ಜ ಅವನ ಮುಖವನ್ನೇ ನೋಡಿದರು. ಕೈ ಚಾಚಿ ಅವನ ಎದೆಯ ಮೇಲಿಟ್ಟರು. ಕಣ್ಣು ಮುಚ್ಚಿದರು. ಬಾಡಿದ ಮುಖ ಮೆಲ್ಲಗೆ ಅರಳಿತು.

ಹಾಲಪ್ಪ ಏನೋ ಹೇಳಹೋದ.

"ಶ್, ಸುಮ್ಮನಿರೋ," ಎಂದರು ಅಜ್ಜ. "ಇನ್ನೂ ಹಾಡ್ತಾ ಇದೆ."